ಎಡದ ಅಂಚು ಮೇಲಿರಲಿ

ಸೀರೆ ಉಡಿಸುವುದರಲ್ಲಿ ನನಗೆ ಸ್ವಲ್ಪ ಗರ್ವವಿದೆ. ವೆಸ್ಟ್‌ಮೀಡ್‌ನ ನಮ್ಮ ಬಿಲ್ಡಿಂಗಿನಲ್ಲಿ ಯಾರ ಮನೆಯಲ್ಲಿ ಫಂಕ್ಷನ್ ಇದ್ದರೂ ಸೇಫ್ಟಿ ಪಿನ್ನಿನ ಡಬ್ಬಿ ಹಿಡಿದು ಹೊರಡುವವಳು ನಾನೇ. ಎರಡು ಸಾವಿರದ ಐದೋ ಆರೋ ಇರಬೇಕು, ಎದುರು ಫ್ಲ್ಯಾಟಿನ ಜಪಾನಿ ಹೆಂಗಸು ನೊರಿಕೊ ತನ್ನ ತಾಯಿಯ ಕಿಮೊನೊ ಉಡಲು ನೆರವು ಕೇಳಿದಳು. ನೆರಿಗೆಯೇ ಇಲ್ಲದ ಬಟ್ಟೆ, ಅದೇನು ಮಹಾ ಎಂದುಕೊಂಡೆ.

ಮೆಲ್ಬರ್ನಿನಲ್ಲಿ ಅವಳ ಮಗಳ ಮದುವೆ. ನೊರಿಕೊಗೆ ಭುಜ ಹಿಡಿದುಕೊಂಡು ಕೈ ಬೆನ್ನ ಹಿಂದೆ ಹೋಗುತ್ತಿರಲಿಲ್ಲ. ಸೊಂಟಕ್ಕೆ ಸುತ್ತುವ ಅಗಲ ಪಟ್ಟಿಗೆ ಓಬಿ ಎನ್ನುತ್ತಾರೆ. ಅದರ ಗಂಟು ಬೆನ್ನಿಗೇ ಬೀಳಬೇಕು. ಸುಮ್ಮನೆ ಗೌನ್ ಹಾಕು, ಇಲ್ಲವೇ ಓಬಿ ಕತ್ತರಿಸಿ ಕೊಕ್ಕೆ ಹೊಲಿಸು, ಈಗ ಗಂಟೂ ರೆಡಿಮೇಡ್ ಸಿಗುತ್ತದೆ ಎಂದಿದ್ದಳಂತೆ ಮಗಳು.

"ಅಮ್ಮನ ಓಬಿಗೆ ಕತ್ತರಿ ಹಾಕಲ್ಲ. ಅಲ್ಲಿ ಉಡಿಸೋರು ಯಾರೂ ಇಲ್ಲ. ನಾನೇ ಉಡಬೇಕು, ಏನಾದ್ರೂ ದಾರಿ ತೋರಿಸು," ಎಂದಳು ನೊರಿಕೊ. ಟೀ ಕಪ್ ಇಟ್ಟರೂ ಸದ್ದಾಗದ ಹೆಂಗಸು, ಅಂದು ಸಾಸರ್ ಕುಟ್ಟಿದಳು.

ಮೊದಲ ದಿನ ನಾನೇ ಉಡಿಸಿ, ಹಿಂದೆ ಸರಿದು ನೋಡಿ ಮೆಚ್ಚಿಕೊಂಡೆ. ಅವಳು ಕನ್ನಡಿ ನೋಡಿ ಬಹಳ ಮರ್ಯಾದೆಯಿಂದ ಹೇಳಿದಳು: "ಫ್ಲೋರಿನ್-ಸಾನ್, ಇನ್ನು ಪೆಟ್ಟಿಗೆಯಲ್ಲಿ ಮಲಗಿಸಿಬಿಡು."

ತಪ್ಪು ನಮ್ಮ ಕಾನ್ವೆಂಟಿನದು. ಹೆಣ್ಣುಮಕ್ಕಳ ಬ್ಲೌಸಿಗೆ ಬಲದ ಅಂಚು ಮೇಲೆ, ಗಂಡಸರ ಶರ್ಟಿಗೆ ಎಡದ್ದು. ಅಣ್ಣನ ಹಳೇ ಶರ್ಟು ಹಾಕಿ ಬಂದವರು ಸಿಸ್ಟರ್ ಕಣ್ಣಿಗೆ ಅಸೆಂಬ್ಲಿಯಲ್ಲೇ ಸಿಕ್ಕಿಬೀಳುತ್ತಿದ್ದರು. ಆ ಭಯ ಬೆರಳಲ್ಲಿ ಇನ್ನೂ ಇದೆ. ಕಿಮೊನೊಗೆ ಮಾತ್ರ ಹೆಣ್ಣು ಗಂಡು ಎಂದಿಲ್ಲ, ಎಲ್ಲರಿಗೂ ಎಡದ ಅಂಚೇ ಮೇಲೆ. ಬಲದ್ದು ಮೇಲೆ ಬರುವುದು ಹೆಣಕ್ಕೆ.

ನನ್ನ ಮುಖ ಸಪ್ಪಗಾದದ್ದು ನೋಡಿ ಅವಳು ಟೀ ಕೊಟ್ಟು ಕಥೆ ಹೇಳಿದಳು. ಕಿಮೊನೊ ಎಂದರೆ ಉಡುವ ವಸ್ತು, ಅಷ್ಟೇ. ಅವಳ ಅಮ್ಮ ಅದರಲ್ಲೇ ಅಡುಗೆ ಮಾಡುತ್ತಿದ್ದಳು. ನೊರಿಕೊಳ ಕಾಲಕ್ಕೆ ಅದು ಹಬ್ಬಕ್ಕೆ ಹೋಯಿತು, ಮಗಳ ಕಾಲಕ್ಕೆ ಫೋಟೋಕ್ಕೆ. (ಟ್ರಂಕಿನಲ್ಲಿರುವ ನನ್ನ ಮದುವೆಯ ಕೆಂಪು ಸೀರೆ ನೆನಪಾಗಿ ಬಿಸ್ಕತ್ತಿನ ಕಡೆ ನೋಡಿದೆ.) ಓಬಿಯಂತೂ ಹಿಂದಿನ ಕಾಲದಲ್ಲಿ ಕಿರಿದಾದ ಪಟ್ಟಿಯಾಗಿತ್ತಂತೆ. ಮುಂದೆಯೂ ಕಟ್ಟುತ್ತಿದ್ದರು, ಪಕ್ಕಕ್ಕೂ ಕಟ್ಟುತ್ತಿದ್ದರು. ಅಗಲವಾಗುತ್ತ ಆಗುತ್ತ ಗಂಟು ಬೆನ್ನಿಗೆ ಹೋಯಿತು.

ಮುಂದೆ ಕಟ್ಟುತ್ತಿದ್ದರು ಎಂದದ್ದೇ ನನಗೆ ಶಾಲೆಯ ಸ್ಕರ್ಟು ಕಣ್ಣಿಗೆ ಬಂತು. ಅದರ ಹುಕ್ಕು ಹಿಂದೆ. ಬಸ್ಸು ಬರುವ ಹೊತ್ತಿಗೆ ಹಿಂದೆ ಕೈ ಹಾಕಿ ತಡಕಾಡುವವರು ಯಾರು? ಮುಂದೆ ಸಿಕ್ಕಿಸಿ ಸರ್ರನೆ ಹಿಂದಕ್ಕೆ ತಿರುಗಿಸುತ್ತಿದ್ದೆವು.

ನಾನು ಅದನ್ನು ಹೇಳಿದ್ದೇ ತಡ, ನೊರಿಕೊ ಮುಂದೆಯೇ ಗಂಟು ಹಾಕಿದಳು. ಉಸಿರು ಬಿಗಿಹಿಡಿದು ಎಡಕ್ಕೆ ತಿರುಗಿಸಿದಳು; ಎದೆಯ ಅಂಚು ಕಿತ್ತು ಬಂತು. ಬಿಚ್ಚಿದಳು. ಮತ್ತೆ ಕಟ್ಟಿ, ಈ ಸಲ ಬಲಕ್ಕೆ ತಿರುಗಿಸಿದಳು, ಅಂಚು ಅಲುಗಲಿಲ್ಲ. ಮದುವೆಯ ತನಕ ದಿನವೂ ಇದೇ ಕಸರತ್ತು. ನನ್ನ ಪಿನ್ನಿನ ಡಬ್ಬಿ ಮುಚ್ಚಿಯೇ ಇತ್ತು.

ಮದುವೆ ಮುಗಿದ ಸಂಜೆ ಮೆಲ್ಬರ್ನಿನಿಂದ ಫೋನ್ ಬಂತು. ಒಬ್ಬಳೇ ಉಟ್ಟಳಂತೆ. ಮಗಳು ಅಜ್ಜಿಯ ಓಬಿಯನ್ನು ಮುಟ್ಟಿ ನೋಡಿ, ಕಟ್ಟುವುದು ನನಗೂ ಕಲಿಸು ಎಂದಳಂತೆ.

ಮುಂದಿನ ಭಾನುವಾರ ಕೆಂಪು ಸೀರೆ ಉಟ್ಟು ಚರ್ಚಿಗೆ ಹೋದೆ. ಸಂದರ್ಭವೇನು ಎಂದು ಕೇಳಿದವರಿಗೆಲ್ಲ ಭಾನುವಾರ ಎಂದೆ. ಚಳಿಗೆ ಹಾಕುವ ಡ್ರೆಸ್ಸಿಂಗ್ ಗೌನನ್ನೂ ಈಗ ಎಡದ ಅಂಚು ಮೇಲೆ ಬರುವಂತೆಯೇ ಸುತ್ತಿಕೊಳ್ಳುತ್ತೇನೆ. "ಅದು ಗಂಡಸರ ಕಡೆ ಅಲ್ವೇನೇ?" ಎಂದರು ನಮ್ಮವರು, ಪೇಪರಿನ ಮೇಲಿಂದ.

"ಅಲ್ಲ," ಎಂದೆ. "ಬದುಕಿರೋರ ಕಡೆ."