ಎಡಗೈ ಹುಡುಗಿ ಆಡದ ಆರು ಮ್ಯಾಚು

ನನ್ನ ಎಡಗೈ ಹುಡುಗಿ ದೊಡ್ಡ ಕಪ್ ಗೆದ್ದ ದಿನ ನಾನು ಮನೆಮಂದಿಗೆಲ್ಲ ಸಜ್ಜಕ ಮಾಡಿ ತುಪ್ಪ ಸುರಿದು ಬಡಿಸಿದ್ದೆ. ಎಲ್ಲರೂ ಇನ್ನಷ್ಟು ಹಾಕು ಎಂದು ಕೇಳಿ ಉಂಡರು. ಅವಳು ಆ ಕಪ್ ಗೆದ್ದೇ ಇರಲಿಲ್ಲ. ನನಗೆ ಅದು ಗೊತ್ತಾದದ್ದು ಒಂದು ವರ್ಷ ಕಳೆದ ಮೇಲೆ, ಬಸ್ಸಿನಲ್ಲಿ.

ಇಳಕಲ್ಲಿನ ನಮ್ಮ ಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ನನ್ನ ಗಂಡ ನೇಯುತ್ತಾರೆ, ಇನ್ನೊಂದರಲ್ಲಿ ಮೈದುನ. ಸೀರೆಯ ಮೈಗೆ ಉದ್ದೆಳೆಗಳ ಒಂದು ಹಾಸು, ಸೆರಗಿಗೆ ಬೇರೆ ಕೆಂಪು ರೇಷ್ಮೆಯ ಹಾಸು. ಎರಡನ್ನೂ ಒಂದೊಂದೇ ಎಳೆ ಹಿಡಿದು ಕುಣಿಕೆ ಹಾಕಿ ಕೂಡಿಸಬೇಕು. ಕೊಂಡಿ ಹಾಕುವುದು ಅನ್ನುತ್ತೇವೆ. ಅದು ಹೆಂಗಸರ ಪಾಲಿಗೆ ಬಂದ ಕೆಲಸ, ಒಬ್ಬಳಿಂದ ಆಗುವಂಥದ್ದಲ್ಲ. ಕುಣಿಕೆ ಹಾಕುವವಳು ನಾನು, ಬಾಗಿಲ ಬೆಳಕಿಗೆ ಮುಖ ಮಾಡಿ. ಎದುರು ಕುಳಿತು ಎಳೆ ಬಿಡಿಸಿ ಕೊಡುವವಳು ಮೈದುನನ ಹೆಂಡತಿ, ನನ್ನ ನೆಗೆಣ್ಣಿ. ನನ್ನ ಬೆನ್ನ ಹಿಂದಿನ ಗೋಡೆಯ ಗೂಡಿನಲ್ಲಿ ಅವಳ ಮೊಬೈಲು ಇರುತ್ತದೆ.

ಟೆನಿಸ್ ನಮ್ಮ ಮನೆಗೆ ಬಂದದ್ದು ಅವಳ ಜೊತೆಗೇ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜು ಓದುವಾಗ ಎರಡು ವರ್ಷ ಆಡಿದ್ದಳಂತೆ. ಮದುವೆಯಾಗಿ ಬಂದ ಮೇಲೆ ಆಡುವುದು ನಿಂತಿತು, ನೋಡುವುದು ನಿಲ್ಲಲಿಲ್ಲ. ಚಂದಾ ಕಟ್ಟುವ ಒಂದು ಆ್ಯಪ್ ಇಟ್ಟುಕೊಂಡಿದ್ದಳು. ಮಾವ ಉಂಡು ಮಲಗುವ ಹೊತ್ತಾದ್ದರಿಂದ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡುತ್ತಿದ್ದಳು. ನಾನು ತಿರುಗಿದರೆ ಕುಣಿಕೆ ತಪ್ಪುತ್ತದೆ. ಹಾಗಾಗಿ ಆಟವನ್ನು ಅವಳು ನನಗೆ ಹೇಳುತ್ತಿದ್ದಳು. ಎಂಥ ಹೇಳುವಿಕೆ ಅಂತೀರಿ.

"ಅಕ್ಕಾ, ಅಕಿ ಚೆಂಡ ಮ್ಯಾಲ ಒಗದ್ಲರಿ. ಬಡದ್ಲು. ಹೊರಗ ಹೋತು ಅನ್ನೂದ್ರಾಗ ಗೆರಿ ಮುಟ್ಟಿತರಿ."

ಎಡಗೈಯಲ್ಲಿ ಆಡುವ ಒಬ್ಬಳು ಇದ್ದಾಳೆ ಎಂದು ಅವಳು ಹೇಳಿದ ದಿನವೇ ನಾನು ಆ ಹುಡುಗಿಯನ್ನು ನನ್ನವಳನ್ನಾಗಿ ಮಾಡಿಕೊಂಡೆ. ನಾನೂ ಎಡಚಿ. ತವರೂರು ಕೆರೂರಿನಲ್ಲಿ ಅವ್ವ ಎಡಗೈ ಮೇಲೆ ಸೌಟಿನಿಂದ ಬಡಿದದ್ದು ಲೆಕ್ಕವಿಲ್ಲ. ಇಲ್ಲಿಗೆ ಬಂದರೆ ಅತ್ತೆ, ಇವಳ ಕುಣಿಕೆ ಉಲ್ಟಾ ಬೀಳುತ್ತದೆ ಎಂದು ಸಾಯುವವರೆಗೂ ಗೊಣಗಿದರು. ಎಡಗೈಯಿಂದ ಜಗತ್ತನ್ನೇ ಗೆಲ್ಲಲು ಹೊರಟ ಹುಡುಗಿ ನನ್ನವಳಾಗದೆ ಇನ್ನಾರವಳಾಗಬೇಕು?

ಆ ವರ್ಷದ ಜನವರಿಯಲ್ಲಿ ಒಂದೇ ಮನೆತನದ ಲಗ್ನಕ್ಕೆ ಹನ್ನೊಂದು ಸೀರೆ ಒಪ್ಪಿಕೊಂಡಿದ್ದೆವು. ವರ್ಷದ ಮೊದಲ ದೊಡ್ಡ ಟೂರ್ನಿಯೂ ಆಗಲೇ ಶುರುವಾಗಿತ್ತು. ಅದು ನಡೆಯುವ ದೇಶದ ಸಂಜೆ ನಮಗೆ ಮಧ್ಯಾಹ್ನ. ಮೊದಲ ಮ್ಯಾಚಿನಲ್ಲಿ ನನ್ನ ಹುಡುಗಿ ಒಂದು ಸೆಟ್ ಸೋತಳು ಎಂದದ್ದೇ ತಡ, ನನ್ನ ಕೈ ಜಗ್ಗಿತು. ನಾಲ್ಕು ಎಳೆ ಪಟಪಟನೆ ಹರಿದವು. ಅವನ್ನು ಕೂಡಿಸುವಷ್ಟರಲ್ಲಿ ಇನ್ನೊಂದು ಪಾಯಿಂಟ್ ಹೋಯಿತು, ಇನ್ನೂ ಮೂರು ಎಳೆ ಹರಿದವು. ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯೊಳಗಿಂದಲೇ ಗಂಡ ಕತ್ತೆತ್ತಿ ನೋಡಿ, ನೀರು ಕುಡಿಯುವ ನೆವ ಮಾಡಿ ಒಳಗೆ ಹೋದರು. ನೆಗೆಣ್ಣಿಯೂ ಎದ್ದು ಹೋದಳು. ತಿರುಗಿ ಬಂದು ಕೂತವಳು ಮೊಬೈಲಿನತ್ತ ನೋಡಿ, "ಅಕ್ಕಾ, ಅಕಿ ಮತ್ತ ಎದ್ದ ನಿಂತ್ಲರಿ," ಎಂದಳು. ಆ ದಿನ ನನ್ನ ಹುಡುಗಿ ಗೆದ್ದಳು.

ಆಮೇಲೆ ಗೆಲ್ಲುತ್ತಲೇ ಹೋದಳು. ಎರಡು ದಿನಕ್ಕೊಂದು ಮ್ಯಾಚು. ಸೆಮಿಫೈನಲ್‌ನಲ್ಲಿ ಕಾಲು ಉಳುಕಿ, ಪಟ್ಟಿ ಕಟ್ಟಿಸಿಕೊಂಡು ಕುಂಟುತ್ತಾ ಆಡಿದಳು. ನಾನು ಕುಣಿಕೆ ಹಾಕುತ್ತಲೇ ತುಳಸಿಗೇರಿ ಹನುಮಪ್ಪನಿಗೆ ಕಾಯಿ ಒಡೆಸುವ ಹರಕೆ ಹೊತ್ತೆ. ನಡುನಡುವೆ ತಡೆಯಲಾರದೆ ತಿರುಗಿ ನೋಡಿದರೆ ತೆರೆಯ ಮೇಲೆ ಖಂಡಿತ ಅವಳೇ ಇರುತ್ತಿದ್ದಳು. ಫೈನಲ್ ಮುಗಿದಾಗ ನಾನು ಎಳೆ ಕೆಳಗಿಟ್ಟು ಅತ್ತುಬಿಟ್ಟೆ. ಹನ್ನೊಂದನೆಯ ಸೀರೆಯ ಕೊಂಡಿ ಮುಗಿದದ್ದೂ ಅಂದೇ. ಮುಂದಿನ ಶನಿವಾರ ಗಂಡ ನನ್ನನ್ನು ತುಳಸಿಗೇರಿಗೆ ಕರೆದುಕೊಂಡು ಹೋಗಿ, ತಾವೇ ಕಾಯಿ ಒಡೆಸಿಕೊಂಡು ಬಂದು ನನ್ನ ಕೈಗೆ ಕೊಟ್ಟರು.

ಮರುವರ್ಷ ನನಗೂ ಒಂದು ಒಳ್ಳೆಯ ಮೊಬೈಲು ಬಂತು. ನೆಗೆಣ್ಣಿಯೇ ಅದಕ್ಕೆ ತನ್ನ ಆ್ಯಪ್ ಹಾಕಿಕೊಟ್ಟಳು. ಮರೆತಿದ್ದಳೋ, ಹಳೆಯದನ್ನು ನಾನು ಹುಡುಕಲಿಕ್ಕಿಲ್ಲ ಎಂದುಕೊಂಡಿದ್ದಳೋ. ಅವ್ವನನ್ನು ನೋಡಲು ಕೆರೂರಿಗೆ ಹೊರಟಿದ್ದೆ. ಹುನಗುಂದ ದಾಟಿದ ಮೇಲೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕಿವಿಯಲ್ಲಿ ಕೇಳಿದ ಆ ಫೈನಲ್ಲನ್ನು ಕಣ್ಣಾರೆ ನೋಡೋಣ ಎಂದು ಹಳೆಯ ಮ್ಯಾಚುಗಳ ಪಟ್ಟಿ ತೆಗೆದು ಒತ್ತಿದೆ. ತೆರೆಯ ಮೇಲೆ ಯಾರೋ ಇಬ್ಬರು ಬಂದರು, ಇಬ್ಬರೂ ಬಲಗೈಯವರು. ವರ್ಷ ತಪ್ಪಿರಬೇಕು ಎಂದು ಹಿಂದೆ ಹೋಗಿ ಮತ್ತೆ ಒತ್ತಿದೆ. ಮೂರು ಸಲವೂ ಅವರಿಬ್ಬರೇ ಬಂದರು.

ಅಮೀನಗಡ ಬರುವಷ್ಟರಲ್ಲಿ ಎಲ್ಲ ಸಿಕ್ಕಿತು. ನನ್ನ ಹುಡುಗಿ ಮೊದಲ ಮ್ಯಾಚಿನಲ್ಲೇ ಸೋತು ಊರಿಗೆ ಹೋಗಿದ್ದಳು. ಆಮೇಲಿನ ಆರು ಮ್ಯಾಚು ನನ್ನ ನೆಗೆಣ್ಣಿ ಆಡಿದ್ದಳು. ನಾನು ತಿರುಗಿದಾಗ ಕಂಡದ್ದು ಹಳೆಯ ಮ್ಯಾಚುಗಳು. ಅವ್ವನ ಮನೆಯಲ್ಲಿ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು, ಬಸ್ಸಿನ ದಣಿವು ಎಂದೆ.

ತಿರುಗಿ ಬಂದು ಕೊಂಡಿಗೆ ಕುಳಿತಾಗ ಕೇಳಿದೆ. ಅವಳು ಅಲ್ಲಗಳೆಯಲಿಲ್ಲ.

"ಅವತ್ತ ನೀವು ಎಷ್ಟ ಎಳಿ ಹರದ್ರಿ, ನೆನಪೈತೇನ್ರಿ ಅಕ್ಕಾ? ಒಂದ ದಿನಾ ಸುಳ್ಳ ಹೇಳಿ ಬಿಡೂದು ಅಂತ ಮಾಡಿದ್ದೆ. ಮರುದಿನ ನೀವ ಕೇಳಿದ್ರಿ, ಮುಂದಿನ ಮ್ಯಾಚ್ ಯಾವಾಗ ಅಂತ."

"ಮನ್ಯಾಗ ಮತ್ತ ಯಾರಿಗೆ ಗೊತ್ತಿತ್ತು?"

ಅವಳು ಇನ್ನೊಂದು ಎಳೆ ಬಿಡಿಸಿ ಕೊಟ್ಟಳು. "ಎಲ್ಲಾರಿಗೂ ಗೊತ್ತಿತ್ರಿ. ಭಾವನವರ ಹೇಳಿದ್ರು, ಸೀರಿ ಮುಗಿಯೂ ಮಟಾ ಅಕಿನ್ನ ಗೆಲ್ಲಸವಾ ಅಂತ."

ಸಜ್ಜಕ ಉಂಡವರೆಲ್ಲ ಕಣ್ಣ ಮುಂದೆ ಬಂದರು. ಕುಣಿಯಲ್ಲಿ ಕೂತಿದ್ದ ಗಂಡನ ಹತ್ತಿರ ಹೋಗಿ ನಿಂತೆ. "ಹನುಮಪ್ಪನ ಮುಂದನೂ ಸುಳ್ಳ ಕಾಯಿ ಒಡಸಿದ್ರಿ?"

ಅವರು ಲಾಳಿ ನಿಲ್ಲಿಸಲಿಲ್ಲ. "ಸುಳ್ಳ ಆದ್ರೇನಾತು, ನೀ ಖುಷಿ ಇದ್ದಿಲ್ಲೇನು?"

ಇದ್ದೆ. ಅದೇ ನನ್ನ ಸಂಕಟ. ಆ ಹದಿನೈದು ದಿನದಷ್ಟು ಖುಷಿಯಾಗಿ ಈ ಮನೆಯಲ್ಲಿ ನಾನು ಇದ್ದದ್ದೇ ಇಲ್ಲ. ಸೋತಳು ಎಂದು ಹೇಳಿದ್ದರೆ ಒಂದು ದಿನ ಅತ್ತು, ಮರುದಿನ ಕೆಲಸಕ್ಕೆ ಕೂರುತ್ತಿದ್ದೆ. ಹೆರಿಗೆ, ಸಾವು, ಅತ್ತೆಯ ಗೊಣಗಾಟ ಎಲ್ಲವನ್ನೂ ತಡೆದುಕೊಂಡವಳು ಒಂದು ಮ್ಯಾಚು ತಡೆಯಲಾರಳು ಎಂದು ಇವರೆಲ್ಲ ಕೂಡಿ ತೀರ್ಮಾನಿಸಿದ್ದರು. ಕೂಸಿಗೆ ಚಂದಮಾಮನನ್ನು ತೋರಿಸಿ ತುತ್ತು ಉಣಿಸುವ ಹಾಗೆ ನನ್ನಿಂದ ಹನ್ನೊಂದು ಸೀರೆಯ ಕೊಂಡಿ ಹಾಕಿಸಿಕೊಂಡರು. ಗಂಡನ ಮೇಲೆ ಸಿಟ್ಟು ಬಂತು, ಬಂದು ಹೋಯಿತು. ನೆಗೆಣ್ಣಿಯ ಮೇಲಿನದು ಹೋಗಲಿಲ್ಲ. ಈ ಮನೆಯಲ್ಲಿ ನಾನು ಕಣ್ಣು ಮುಚ್ಚಿ ನಂಬಿದ್ದು ಅವಳೊಬ್ಬಳ ಮಾತನ್ನೇ.

ಕೆಲಸ ನಿಲ್ಲಿಸಲಾಗುವುದಿಲ್ಲ, ಕೊಂಡಿಗೆ ಇಬ್ಬರು ಬೇಕೇ ಬೇಕು. ಮತ್ತೆ ಎದುರುಬದುರು ಕುಳಿತೆವು. ಕೆಲವು ತಿಂಗಳು ಮೊಬೈಲು ಗೂಡಿನಲ್ಲಿ ಮುಖ ಕೆಳಗಾಗಿ ಬಿದ್ದಿತ್ತು. ಈ ಜನವರಿಯಲ್ಲಿ ಅವಳೇ ಅದನ್ನು ಎತ್ತಿ ನಿಲ್ಲಿಸಿದಳು. ನಾನು ಬೇಡ ಎನ್ನಲಿಲ್ಲ. ಅವಳು ಹೇಳುತ್ತಿದ್ದಳು, ಮೊದಲಿನ ಹಾಗೆ ಅಲ್ಲ, ಅಂಕಗಳನ್ನಷ್ಟೇ. ನಾನು ಕುಣಿಕೆ ಹಾಕುತ್ತಾ ಕೇಳುತ್ತಿದ್ದೆ. ಒಂದು ಮಧ್ಯಾಹ್ನ ಅವಳ ಕೈ ನಿಂತಿತು.

"ಅಕ್ಕಾ, ಅಕಿ ಗೆದ್ಲರಿ. ಫೈನಲ್ಲಿಗೆ ಹೋದ್ಲು."

ನನ್ನ ಬಾಯಿಂದ ಬಂದದ್ದು ಒಂದೇ ಮಾತು. "ಇನ್ನ ಎಷ್ಟ ಸೀರಿ ಉಳದಾವು?"

ಅವಳ ಮುಖ ಕಪ್ಪಿಟ್ಟಿತು. ಎದ್ದು ಹೋಗಿ ಗೂಡಿನಿಂದ ಮೊಬೈಲು ತಂದು ನನ್ನ ಮುಂದೆ ಹಿಡಿದಳು. ಎಡಗೈ ಹುಡುಗಿ ಆಟದ ಅಂಗಳದಲ್ಲಿ ಮೊಣಕಾಲೂರಿ ಅಳುತ್ತಿದ್ದಳು. ತೆರೆಯ ಮೂಲೆಯಲ್ಲಿ ಅಂದಿನ ತಾರೀಖಿತ್ತು. ನಾನು ಮೊದಲು ನೋಡಿದ್ದು ತಾರೀಖನ್ನು.