ಬೆಳ್ಳುಳ್ಳಿ ವಾಸನೆಯ ಹಿಪ್ಪುನೇರಳೆ ಸೊಪ್ಪು

ನನ್ನ ಮೊಮ್ಮಗಳಿಗೆ ಹೆಣ್ಣುಮಗು ಹುಟ್ಟಿತು! ಬೆಳಿಗ್ಗೆಯಿಂದ ಎದುರಿಗೆ ಸಿಕ್ಕವರಿಗೆಲ್ಲ ಹೇಳಿದ್ದೇನೆ, ಹಾಲು ಹಾಕುವವನಿಗಂತೂ ಎರಡು ಸಲ. ಬಾಣಂತಿಗೆ ಕಳಿಸಲೆಂದು ಸೊಸೆ ಬೆಳ್ಳುಳ್ಳಿ ಹುರಿಯುತ್ತಿದ್ದಳು. ಆ ವಾಸನೆ ಮೂಗಿಗೆ ಬಿದ್ದದ್ದೇ ಪಕ್ಕದ ಮನೆಯ ಮಾವ ಕಣ್ಣ ಮುಂದೆ ಬಂದು ನಿಂತರು...

ಕೆಂಚಾರ್ಲಹಳ್ಳಿಗೆ ನಾನು ಸೊಸೆಯಾಗಿ ಬಂದ ಹೊಸತು. ಆರು ತಿಂಗಳ ಬಸುರಿ. ಮನೆ ತುಂಬ ರೇಷ್ಮೆ ಹುಳು. ಕೂತರೂ ಮಲಗಿದರೂ ಅವು ಸೊಪ್ಪು ಮೇಯುವ ಸರಸರ ಸದ್ದು. ಹುಳು ಇದ್ದಷ್ಟು ದಿನ ಬೆಳ್ಳುಳ್ಳಿ ಒಗ್ಗರಣೆ ಹಾಕುವಂತಿರಲಿಲ್ಲ. ಆ ವಾಸನೆ ಹುಳುವಿಗೆ ಆಗದು ಅನ್ನುತ್ತಿದ್ದರು.

ಆ ವರ್ಷ ಪಕ್ಕದ ಆಲೂಗಡ್ಡೆ ಹೊಲಕ್ಕೆ ಯಾವುದೋ ಹೊಸ ಔಷಧಿ ಹೊಡೆದರು. ಗಾಳಿ ನಮ್ಮ ಹಿಪ್ಪುನೇರಳೆ ತೋಟದ ಕಡೆಗಿತ್ತು. ಮಾರನೆಯ ದಿನ ನಾನು ಸೊಪ್ಪು ಕಿತ್ತು ತಂದು ಹಾಕಿದೆ. ಸ್ವಲ್ಪ ಹೊತ್ತಿಗೆ ಹುಳುಗಳು ತಲೆಯೆತ್ತಿ ಹಸಿರು ನೀರು ಕಕ್ಕತೊಡಗಿದವು. ಅತ್ತೆ ಬಗ್ಗಿ ಮೂಸಿದರು, ಬೆಳ್ಳುಳ್ಳಿಯ ಘಾಟು.

"ಬೆಳ್ಳುಳ್ಳಿ ತಿಂದ್ಕೊಂಡು ಹುಳದ್ಮನೆಗೆ ಬಂದಿದೀಯೇನೇ? ನಿನ್ನ ಬಯಕೆಗೆ ನನ್ನ ಹುಳಾನೇ ಬೇಕಾಗಿತ್ತಾ?"

ತಿಂದಿರಲಿಲ್ಲ. ಹೇಳೋಣವೆಂದರೆ ಬಾಯಿ ತುಂಬ ಜೊಲ್ಲು, ಕಣ್ಣೆಲ್ಲ ಮಂಜು... ಕೂಗು ಕೇಳಿ ಪಕ್ಕದ ಮನೆಯ ಮಾವ ಬಂದರು. ದೊಡ್ಡ ಯುದ್ಧಕ್ಕೆ ಸಿಪಾಯಿಯಾಗಿ ಹೋಗಿ ಬಂದವರು. ಸೊಪ್ಪಿನ ಮಂಕರಿ ಮೂಸಿದವರೇ ಅದನ್ನು ಅಂಗಳಕ್ಕೆ ಒದ್ದರು.

"ಬೆಳ್ಳುಳ್ಳಿ ಅಲ್ಲ ಕಣಕ್ಕಾ! ಪಟಾಲಮ್ಮಲ್ಲಿ ಸೀಸೇಲಿಟ್ಟು ಮೂಸಿಸ್ತಿದ್ರು, ಇಂಥ ವಾಸನೆ ಬಂದ್ರೆ ವಿಷದ ಗಾಳಿ ಅಂತ. ಮೊದ್ಲು ಈ ಹುಡುಗಿ ಮೈ ತೊಳೀರಿ!"

ಸೋಪು ಹಚ್ಚಿ, ಬಿಂದಿಗೆಗಟ್ಟಲೆ ನೀರು ಸುರಿದು, ಸೀರೆ ಬದಲಿಸಿ, ಗಾಡಿ ಕಟ್ಟಿ ಚಿಂತಾಮಣಿ ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಮಾವ "ನಿದ್ದೆ ಮಾಡ್ಬೇಡಮ್ಮ" ಅನ್ನುತ್ತಿದ್ದದ್ದು ಬಾವಿಯೊಳಗಿನಿಂದ ಕೇಳಿದ ಹಾಗಿತ್ತು...

ನಾನೂ ಉಳಿದೆ, ಹೊಟ್ಟೆಯ ಕೂಸೂ ಉಳಿಯಿತು. ನಾನು ಆಸ್ಪತ್ರೆಯಿಂದ ಮರಳುವಷ್ಟರಲ್ಲಿ, ಮೊದಲೇ ಊರಿಗೆ ಬಂದಿದ್ದ ಮಾವ ಸೊಪ್ಪನ್ನೂ ಹುಳುಗಳನ್ನೂ ಗುಂಡಿ ತೋಡಿ ಹೂಳಿಸಿದ್ದರು. ಇನ್ನು ನಾಲ್ಕು ದಿನಕ್ಕೆ ಗೂಡು ಕಟ್ಟಬೇಕಿದ್ದ ಹುಳು. "ಬದುಕಿದ್ದವನ್ನೂ ಹೂತ" ಎಂದು ಅತ್ತೆ ಅವರನ್ನು ಮತ್ತೆ ಮನೆಗೆ ಸೇರಿಸಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಈಚೆಗೆ ಮೊಮ್ಮಗಳು ಓದಿ ಹೇಳಿದಳು. ಮಾವ ಪಟಾಲಮ್ಮಿನಲ್ಲಿ ಮೂಸಿದ್ದು ಬೇರೆ ವಿಷವಂತೆ. ಆದರೂ ಅವರ ಹೆದರಿಕೆ ಸುಳ್ಳಾಗಿರಲಿಲ್ಲ. ಪೈರಿನ ಹುಳು ಕೊಲ್ಲುವ ಇಂಥ ಔಷಧಿ ಹುಡುಕಿದವರ ಕೈಗೇ, ಯುದ್ಧದಲ್ಲಿ ಮನುಷ್ಯರನ್ನು ಕೊಲ್ಲುವ ವಿಷವೂ ಸಿಕ್ಕಿತ್ತಂತೆ. ಎರಡೂ ಒಡಹುಟ್ಟು.

ಸಂಜೆ ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ಅಂದು ಹೊಟ್ಟೆಯಲ್ಲಿದ್ದ ನನ್ನ ಮಗ ಇವತ್ತು ತಾತ. "ಅಮ್ಮ, ತಾತಂಗೆ ಇನ್ನೊಂದು ಮುದ್ದೆ ಹಾಕಮ್ಮ" ಎಂದು ತಟ್ಟೆ ಮುಂದಕ್ಕೆ ತಳ್ಳಿದ. ಎಲ್ಲರೂ ಗೊಳ್ಳೆಂದು ನಕ್ಕರು. ಮಾವ ಹೋಗಿ ಎಷ್ಟೋ ವರ್ಷವಾಯಿತು... ಅವರನ್ನು ಕರೆದು ಒಂದು ಹೊತ್ತು ಬಡಿಸಲಾಗಲಿಲ್ಲ ನನ್ನಿಂದ. ಮಗನ ತಟ್ಟೆಗೆ ಮುದ್ದೆ ಹಾಕಿ, ನಾನೂ ಅವನ ಪಕ್ಕದಲ್ಲೇ ಕೂತು ಉಂಡೆ.