ಅಕ್ಕನಿಗೆ ಬರೆದ ಕಾಗದ

ಒಂದರ ಮೇಲೊಂದು ಎರಡು ಕನ್ನಡಕ ಹಾಕಿಕೊಂಡು, ಮೂಗು ಕಂಪ್ಯೂಟರಿಗೆ ತಾಗುವಷ್ಟು ಬಗ್ಗಿ ಕೂರುತ್ತಿದ್ದರು ನಮ್ಮ ಮೇಡಂ. ಯಡಿಯೂರು ಕೆರೆಯ ಹತ್ತಿರದ ಆ ಪುಟ್ಟ ಆಫೀಸಿನಲ್ಲಿ ನಮ್ಮದು ವಿಚಿತ್ರ ಕೆಲಸ. ಅಮೆರಿಕದ ಯಾವುದೋ ಮನೆತನದವರು ತಮ್ಮ ಹಿಂದಿನವರ ಕಾಗದಗಳನ್ನು ಸ್ಕ್ಯಾನ್ ಮಾಡಿ ಕಳಿಸುತ್ತಿದ್ದರು. ನೂರೈವತ್ತು ವರ್ಷದ ಹಿಂದಿನ ಆ ಕೈಬರಹ ಓದಿ ನಾವು ಟೈಪ್ ಮಾಡಬೇಕು. ಹಾಳೆ ಉಳಿಸಲೆಂದು ಒಮ್ಮೆ ಅಡ್ಡಕ್ಕೆ ಬರೆದು, ಅದರ ಮೇಲೇ ಮತ್ತೆ ಉದ್ದಕ್ಕೆ ಬರೆದ ಕಾಗದಗಳೂ ಇರುತ್ತಿದ್ದವು. ನನಗೆ ತಲೆ ತಿರುಗುತ್ತಿತ್ತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾಗಿದ್ದ ಮೇಡಂ ಸರಾಗವಾಗಿ ಓದುತ್ತಿದ್ದರು.

ಬರೆದವರೆಲ್ಲ ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳು. ಯಾರ ಮನೆಗೆ ಯಾರು ಟೀಗೆ ಹೋದರು, ಯಾರು ಯಾರ ಜೊತೆ ಕುಣಿದರು, ಯಾರ ಟೋಪಿ ಚೆನ್ನಾಗಿರಲಿಲ್ಲ. “ಇವರದ್ದೂ ನಮ್ಮನೆ ರಾಮಾಯಣಾನೇ ಕಣೇ. ಯಾರು ಕರೆದ್ರು, ಯಾರು ಕರೀಲಿಲ್ಲ, ಅಷ್ಟೇ!” ಎಂದು ಮೇಡಂ ನಗುತ್ತಿದ್ದರು. ಗೊತ್ತಾಗದ ಕಡೆ ನಾನು ಊಹಿಸಿ ಪದ ತುಂಬಿಸಿದರೆ ಮಾತ್ರ ನಗು ಮಾಯ. “ಅವಳು ಬರೆದಿದ್ದನ್ನ ಬರಿ. ನಿನ್ನ ಕಥೆ ಯಾರು ಕೇಳಿದ್ರು?”

ಆ ಬಳಗದಲ್ಲಿ ಇಬ್ಬರು ಮುನಿಸಿಕೊಂಡರು. ಒಬ್ಬಳು ಆರು ಕಾಗದ ಬರೆದರೂ ಇನ್ನೊಬ್ಬಳು ಉತ್ತರಿಸಲಿಲ್ಲ. ಏಳನೆಯದು ಕಪ್ಪು ಅಂಚಿನ ಕಾಗದ, ಆ ಆರು ಬರೆದವಳ ಸಾವಿನ ಸುದ್ದಿ. ಮೇಡಂ ಟೈಪ್ ಮಾಡಿ ಮುಗಿಸಿ, ಅದರ ಪ್ರಿಂಟನ್ನು ಹರಿದುಹಾಕಿ, ಕಾಲು ತೊಳೆದುಕೊಂಡು ಬಂದರು. ಸಾವಿನ ಕಾಗದ ಓದಿ ಹರಿಯುವುದು ನಮ್ಮ ಕಡೆಯ ಪದ್ಧತಿ. ಎಂದೋ ಸತ್ತ ಅಮೆರಿಕದವಳಿಗೂ ಅವರು ಅದನ್ನು ಬಿಡಲಿಲ್ಲ.

ಅವತ್ತೇ ನನಗೆ ತಮ್ಮ ದೊಡ್ಡಮ್ಮನ ಮಗಳ ವಿಷಯ ಹೇಳಿದ್ದು. ಜೊತೆಯಲ್ಲೇ ಬೆಳೆದವರು. ಆ ಅಕ್ಕನ ಮಗಳ ಮದುವೆಯ ಅರಿಶಿನ ಶಾಸ್ತ್ರದಲ್ಲಿ, ಗಂಡ ಸತ್ತವಳೆಂದು ಅಕ್ಕನೇ ಮೇಡಂ ಅವರನ್ನು ಒಳಗೇ ಕೂರಿಸಿದ್ದರಂತೆ. ಅಲ್ಲಿಂದ ಹನ್ನೊಂದು ವರ್ಷ ಮಾತಿಲ್ಲ. ಈಗ ಅಕ್ಕ ಹಾಸಿಗೆ ಹಿಡಿದಿದ್ದರು, ಇಟ್ಟಮಡುವಿನಲ್ಲಿ, ನಮ್ಮ ಮನೆಯಿಂದ ಎರಡೇ ರಸ್ತೆ ಆಚೆ.

ಮಾರನೆಯ ದಿನ ಮೇಡಂ ನನ್ನ ಕೈಗೊಂದು ಕವರ್ ಕೊಟ್ಟರು. “ಫೋನ್ ಮಾಡಿದ್ರೆ ಮತ್ತೆ ಜಗಳ ಆಗತ್ತೆ. ಬರೆದಿದೀನಿ. ಅವಳ ಕೈಗೇ ಕೊಡ್ತೀಯಾ?”

“ಇವತ್ತೇ ಕೊಡ್ತೀನಿ ಮೇಡಂ.”

ಅವತ್ತು ಲೇಟಾಯಿತು. ಮರುದಿನ ನನ್ನ ಮಗಳಿಗೆ ಜ್ವರ. ಆಮೇಲೆ, ಭಾನುವಾರ ಹೋದರಾಯಿತು ಅಂದುಕೊಂಡೆ. ಮೇಡಂ ದಿನಾ ನನ್ನ ಮುಖ ನೋಡುತ್ತಿದ್ದರು, ಕೇಳುತ್ತಿರಲಿಲ್ಲ. ಅಕ್ಕನೇ ಕರೆಸುತ್ತಾಳೆ ಎಂದು ಕಾಯುತ್ತಿದ್ದರೋ ಏನೋ. ಶನಿವಾರ ಅಕ್ಕ ತೀರಿಕೊಂಡರು. ಕವರ್ ನನ್ನ ಬ್ಯಾಗಿನಲ್ಲೇ ಇತ್ತು.

ಸೋಮವಾರ ಮೇಡಂ ನನ್ನ ಕೈ ಹಿಡಿದುಕೊಂಡರು. “ಓದಿದ್ಳಾ?”

“ಓದಿದ್ರು ಮೇಡಂ.”

“ಏನಂದ್ಲು?”

“ಅತ್ರು. ತಪ್ಪು ನಂದೇ ಅಂದ್ರು.”

ಮೇಡಂ ಎರಡೂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹುಟ್ಟಿದಾಗಿಂದ ಯಾರ ಹತ್ರಾನೂ ತಪ್ಪು ಒಪ್ಕೊಂಡೋಳಲ್ಲ ಅವಳು. ನಂಗೋಸ್ಕರ ಒಪ್ಕೊಂಡ್ಲು,” ಎಂದರು. ನನಗೆ ಸಮಾಧಾನವಾಯಿತು. ಆ ಸಮಾಧಾನಕ್ಕೆ ಇವತ್ತಿಗೂ ನಾಚುತ್ತೇನೆ.

ಕಳೆದ ಆಷಾಢದಲ್ಲಿ ಮೇಡಂ ಹೋದರು. ವೈಕುಂಠ ಸಮಾರಾಧನೆಯ ದಿನ ನಾನು ಮೂಲೆಯಲ್ಲಿ ಊಟಕ್ಕೆ ಕೂತಿದ್ದೆ. ಅವರ ಮಗ ಹುಡುಕಿಕೊಂಡು ಬಂದು, ಎಬ್ಬಿಸಿ, ಮನೆಯವರ ಪಂಕ್ತಿಗೆ ಕರೆದೊಯ್ದರು.

“ಅಮ್ಮನ್ನೂ ದೊಡ್ಡಮ್ಮನ್ನೂ ಒಂದು ಮಾಡಿದ್ದು ಇವರೇ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅವರ ಹೆಂಡತಿ ನನ್ನ ಎಲೆಗೆ ಇನ್ನೊಂದು ವಡೆ ಬಡಿಸಿದರು. ನಾನು ತಲೆ ಬಗ್ಗಿಸಿ ಉಂಡೆ.